ಹುಳಿಗೂ ಒಂದು ಚರಿತ್ರೆ

ನಮ್ಮ ಭಾಷೆಯಲ್ಲಿ ‘ಹುಳಿ’ ಎಂಬ ಮಾತಿನ ನಡತೆ ವಿಚಿತ್ರವಾದುದು. ಹಾಲು ಹುಳಿಯಿತೆಂದರೆ ಕೆಟ್ಟಿತೆಂದು ಅರ್ಥ. ದೋಸೆಯ ಹಿಟ್ಟು ಹುಳಿ ಬಂದಿದೆಯೆಂದರೆ ಹದಕ್ಕೆ ಬಂದಿದೆಯೆಂದು ಅರ್ಥ. ಇಬ್ಬರ ಸ್ನೇಹದ ನಡುವೆ ಹುಳಿ ಹಿಂಡಿದವನನ್ನು ಯಾರೂ ಮೆಚ್ಚರು. ಆದರೆ ಹಳೆಯ ಮೈಸೂರಿನ ಮನೆಗಳಲ್ಲಿ ಎಲೆಗೆ ಹುಳಿ ಬಾರದೆ ಊಟ ಮುಂದುವರಿಯುವುದಿಲ್ಲ. ಒಂದೇ ರುಚಿ ಒಂದೆಡೆ ದೋಷವಾಗುತ್ತದೆ, ಮತ್ತೊಂದೆಡೆ ಗುಣವಾಗುತ್ತದೆ. ಈ ನಿರ್ಣಯವನ್ನು ನಾಲಗೆ ತಾನೊಂದೇ ಮಾಡುತ್ತದೆಂದು ನಾವು ನಂಬಿರುತ್ತೇವೆ. ನಾಲಗೆಯ ಬೆನ್ನಿಗೆ ಒಂದು ಊರು, ಒಂದು ಕಾಲ, ಒಂದು ಸಮಾಜ ನಿಂತಿರುತ್ತವೆಂಬುದು ನಮಗೆ ಹೊಳೆಯುವುದು ಅಪರೂಪ.

ಇದನ್ನು ಮನದಟ್ಟು ಮಾಡಿಕೊಳ್ಳಲು ನಾನು ಇಂದು ಆರಿಸಿಕೊಂಡಿರುವ ಉದಾಹರಣೆ ಕೆಲವರಿಗೆ ತುಸು ಅನಿರೀಕ್ಷಿತವೆನಿಸಬಹುದು. ಅದು ಬೆಲ್ಜಿಯಂ ದೇಶದ ಒಂದು ಬಿಯರು. ಬರಿಯ ಬಿಯರಲ್ಲ, ಹುಳಿ ಬಿಯರು, ಅದರಲ್ಲಿಯೂ ಚೆರ್ರಿ ಹಣ್ಣನ್ನು ತಿಂಗಳುಗಟ್ಟಲೆ ನೆನೆಹಾಕಿ ಸಿದ್ಧಪಡಿಸಿದ ಹುಳಿ ಬಿಯರು. ಪಾನದ ಗುಣಾವಗುಣಗಳ ಚರ್ಚೆ ಇಲ್ಲಿ ನನ್ನ ಉದ್ದೇಶವಲ್ಲ. ಶಾಸನ, ತಾಳೆಗರಿ, ನಾಣ್ಯಗಳನ್ನು ಓದುವಂತೆಯೇ ಒಂದು ರುಚಿಯನ್ನೂ ಓದಬಹುದೆ, ಅದರಿಂದ ಒಂದು ನಾಡಿನ ಚರಿತ್ರೆ ನಮಗೆ ತಿಳಿದೀತೆ ಎಂಬುದಷ್ಟೇ ನನ್ನ ಕುತೂಹಲ.

ಬ್ರಸೆಲ್ಸ್ ನಗರದ ನೈಋತ್ಯಕ್ಕೆ ಪಾಯೊಟೆನ್‌ಲ್ಯಾಂಡ್ ಎಂಬ ಹಳ್ಳಿಗಾಡಿನ ಸೀಮೆಯಿದೆ. ಅದರ ಅಂಚಿನಲ್ಲಿ ಸೆನ್ ಎಂಬ ಚಿಕ್ಕ ಹೊಳೆ ಹರಿಯುತ್ತದೆ. ಈ ಕಣಿವೆಯಲ್ಲಿಯೂ ಬ್ರಸೆಲ್ಸ್ ನಗರದಲ್ಲಿಯೂ ತಯಾರಾಗುವ ಬಿಯರಿಗೆ ‘ಲ್ಯಾಂಬಿಕ್’ ಎಂದು ಹೆಸರು. ಲೆಂಬೇಕ್ ಎಂಬ ಊರಿನಿಂದ ಈ ಹೆಸರು ಬಂತೆನ್ನುವವರುಂಟು. ಅದರ ವಿಷಯದಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಲ್ಯಾಂಬಿಕ್ಕಿನ ವಿಶೇಷವನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ, ಅದಕ್ಕೆ ಹೆಪ್ಪು ಹಾಕುವವರು ಯಾರೂ ಇಲ್ಲ. ಬೇರೆ ಬಹುಪಾಲು ಬಿಯರುಗಳಿಗೆ ತಯಾರಕನು ತಾನೇ ಸಾಕಿಟ್ಟುಕೊಂಡ ಯೀಸ್ಟನ್ನು ಅಳೆದು ಬೆರೆಸುತ್ತಾನೆ. ಲ್ಯಾಂಬಿಕ್ಕಿನವನು ಆ ಕೆಲಸವನ್ನು ರಾತ್ರಿಯ ಗಾಳಿಗೂ ಹಳೆಯ ಮರಕ್ಕೂ ಬಿಟ್ಟುಬಿಡುತ್ತಾನೆ.

ಕ್ರಮ ಹೀಗಿದೆ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ ಸುಮಾರು ಮೂರನೆಯ ಎರಡು ಪಾಲು, ಮೊಳೆಯದ ಹಸಿ ಗೋಧಿ ಸುಮಾರು ಮೂರನೆಯ ಒಂದು ಪಾಲು. ಇವನ್ನು ಬಿಸಿನೀರಿನಲ್ಲಿ ಹಂತಹಂತವಾಗಿ ಬೇಯಿಸಿ, ಬಸಿದು, ಹಾಪ್ ಎಂಬ ಬಳ್ಳಿಯ ಹೂವನ್ನು ಸೇರಿಸಿ, ಗಂಟೆಗಟ್ಟಲೆ ಕುದಿಸುತ್ತಾರೆ. ಇತರರು ಆದಷ್ಟು ಹೊಸ ಹಾಪನ್ನು ಹುಡುಕಿದರೆ ಇವರು ಎರಡು ಮೂರು ವರ್ಷ ಹಳತಾದ ಹಾಪನ್ನೇ ಬಯಸುತ್ತಾರೆ. ಹಳತಾದ ಹೂವಿನಲ್ಲಿ ಕಹಿ ಇಳಿದಿರುತ್ತದೆ. ಕೆಡದಂತೆ ಕಾಯುವ ಶಕ್ತಿ ಮಾತ್ರ ಉಳಿದಿರುತ್ತದೆ. ಕುದಿದ ಈ ಸಿಹಿ ಕಷಾಯವನ್ನು ಅಟ್ಟದ ಮೇಲಿರುವ ಅಗಲವಾದ, ಆಳವಿಲ್ಲದ ತೊಟ್ಟಿಗೆ ಹರಿಯಬಿಡುತ್ತಾರೆ. ರಾತ್ರಿಯಿಡೀ ಅದು ತೆರೆದ ಮೈಯಲ್ಲಿ ಹಾಗೆಯೇ ತಣಿಯುತ್ತದೆ. ಬೆಳಗಾಗುವ ಹೊತ್ತಿಗೆ ಗಾಳಿಯಲ್ಲಿದ್ದ, ತೊಲೆಗಳಲ್ಲಿದ್ದ ಅಸಂಖ್ಯ ಸೂಕ್ಷ್ಮಜೀವಿಗಳು ಅದರಲ್ಲಿ ಇಳಿದಿರುತ್ತವೆ. ಅನಂತರ ಓಕ್ ಅಥವಾ ಚೆಸ್ಟ್‌ನಟ್ ಮರದ ಹಳೆಯ ಪೀಪಾಯಿಗಳಿಗೆ ತುಂಬಿ, ಒಂದರಿಂದ ಮೂರು ವರ್ಷದವರೆಗೆ ಬಿಡುತ್ತಾರೆ. ಬೇಸಗೆಯಲ್ಲಿ ಈ ಕೆಲಸವಿಲ್ಲ. ಸರಿಸುಮಾರು ಅಕ್ಟೋಬರಿನಿಂದ ಏಪ್ರಿಲಿನವರೆಗೆ, ರಾತ್ರಿ ಚೆನ್ನಾಗಿ ತಣ್ಣಗಿರುವ ತಿಂಗಳುಗಳಲ್ಲಿ ಮಾತ್ರ.

ಇದು ನಮಗೆ ತೀರ ಅಪರಿಚಿತವಾದ ವಿದ್ಯೆಯಲ್ಲ. ಈಚಲು ಮರಕ್ಕೆ ಕಟ್ಟಿದ ಮಡಕೆಯಲ್ಲಿ ನೀರಾ ತಾನಾಗಿಯೇ ನೊರೆಯೆದ್ದು ಹೆಂಡವಾಗುವುದನ್ನು ನಮ್ಮ ಬಯಲುಸೀಮೆ ತಲೆಮಾರುಗಳಿಂದ ಬಲ್ಲುದು. ಮಡಕೆ ಹಳತಾದಷ್ಟೂ ಹುಳಿ ಬೇಗ ಏರುತ್ತದೆ. ಮರದ ಪೀಪಾಯಿಯ ಗುಟ್ಟೂ ಅದೇ. ಸೆನ್ ಕಣಿವೆಯ ಗಾಳಿಯಲ್ಲೇ ಏನೋ ಮಹಿಮೆಯಿದೆಯೆಂದು ಅಲ್ಲಿನವರು ಬಹುಕಾಲ ನಂಬಿದ್ದರು. ಪೀಪಾಯಿಯ ಮರದ ರಂಧ್ರಗಳಲ್ಲಿಯೂ ಕಟ್ಟಡದ ಒಳಮೈಯಲ್ಲಿಯೂ ಈ ಜೀವಿಗಳು ವರ್ಷದಿಂದ ವರ್ಷಕ್ಕೆ ಮನೆ ಮಾಡಿಕೊಂಡಿರುತ್ತವೆಂದು ಈಚಿನ ಸಂಶೋಧನೆಗಳು ತೋರಿಸಿವೆ. ಹೀಗಾಗಿ ಅಲ್ಲಿ ಯಾರೂ ಅಟ್ಟಕ್ಕೆ ಹೊಸ ಹೆಂಚು ಹೊದಿಸಲು ಆತುರಪಡುವುದಿಲ್ಲ. ಜೇಡರ ಬಲೆಯನ್ನು ಸಹ ಗುಡಿಸುವುದಿಲ್ಲ. ಹಣ್ಣಿಗೆ ಮುತ್ತುವ ನೊಣಗಳನ್ನು ಹಿಡಿಯುವ ಜೇಡವು ಅವರಿಗೆ ಸಂಬಳವಿಲ್ಲದ ಕಾವಲುಗಾರ.

ಪೀಪಾಯಿಯೊಳಗೆ ನಡೆಯುವುದು ಒಂದು ರಾಜ್ಯದ ಚರಿತ್ರೆಯಂತೆಯೇ ಇದೆ. ಮೊದಲ ಕೆಲವು ವಾರ ಕರುಳಿನ ಬ್ಯಾಕ್ಟೀರಿಯಗಳ ಬಳಗಕ್ಕೆ ಸೇರಿದ ಜೀವಿಗಳು ಗದ್ದಲವೆಬ್ಬಿಸುತ್ತವೆ. ಬಳಿಕ ನಮ್ಮ ಬ್ರೆಡ್ಡಿನ ಯೀಸ್ಟಿನ ಬಂಧುಗಳು ಪಟ್ಟಕ್ಕೆ ಬಂದು ಸಕ್ಕರೆಯ ಬಹುಭಾಗವನ್ನು ಮದ್ಯವಾಗಿಸುತ್ತವೆ. ಕೆಲವು ತಿಂಗಳ ಮೇಲೆ ಪೀಡಿಯೊಕಾಕಸ್ ಎಂಬ ಬ್ಯಾಕ್ಟೀರಿಯ ತಲೆಯೆತ್ತುತ್ತದೆ. ಮೊಸರಿನಲ್ಲಿರುವ ಲ್ಯಾಕ್ಟಿಕ್ ಆಮ್ಲವನ್ನೇ ಇಲ್ಲಿಯೂ ಕೂಡಿಡುತ್ತದೆ. ಆಗ ಬಿಯರು ಲೋಳೆಯಾಗಿ ಎಣ್ಣೆಯಂತೆ ನೂಲು ಬಿಡುವುದುಂಟು. ‘ಬಿಯರಿಗೆ ಕಾಯಿಲೆಯಾಗಿದೆ’ ಎನ್ನುತ್ತಾರೆ ಅಲ್ಲಿನವರು. ಆದರೆ ಚೆಲ್ಲುವುದಿಲ್ಲ, ಕಾಯುತ್ತಾರೆ. ಕೊನೆಯದಾಗಿ ಬ್ರೆಟ್ಟನೊಮೈಸಿಸ್ ಎಂಬ ನಿಧಾನಗತಿಯ ಯೀಸ್ಟು ಬಂದು ಆ ಲೋಳೆಯನ್ನು ತಿಂದು, ದ್ರವವನ್ನು ತಿಳಿಗೊಳಿಸಿ, ಒದ್ದೆ ಹುಲ್ಲಿನ, ಹಳೆಯ ಚರ್ಮದ, ಕುದುರೆಲಾಯದ ಒಂದು ವಾಸನೆಯನ್ನು ಬಿಟ್ಟುಹೋಗುತ್ತದೆ.

ಈ ಪಾನೀಯ ಎಷ್ಟು ಹಳೆಯದು? ಇಲ್ಲಿ ಚರಿತ್ರೆಯನ್ನು ದಂತಕಥೆಯಿಂದ ಬಿಡಿಸಿಕೊಳ್ಳಬೇಕಾಗುತ್ತದೆ. ಪೀಟರ್ ಬ್ರೂಗಲ್ 1563ರಿಂದ ತಾನು ಸಾಯುವ 1569ರವರೆಗೆ ಬ್ರಸೆಲ್ಸಿನಲ್ಲಿದ್ದ ಚಿತ್ರಕಾರ. ಅವನ ರೈತರ ಮದುವೆಯ ಪ್ರಸಿದ್ಧ ಚಿತ್ರದಲ್ಲಿ ಒಬ್ಬ ದೊಡ್ಡ ಹೂಜಿಯಿಂದ ಚಿಕ್ಕ ಹೂಜಿಗಳಿಗೆ ಏನನ್ನೋ ಸುರಿಯುತ್ತಿದ್ದಾನೆ. ಅದು ಲ್ಯಾಂಬಿಕ್ಕೇ ಎಂದು ಹೆಮ್ಮೆಯಿಂದ ಹೇಳುವವರಿದ್ದಾರೆ. ಚಿತ್ರದ ಹೂಜಿಯೊಳಗೆ ಇಣುಕಿ ನೋಡುವುದು ಯಾರಿಗೂ ಸಾಧ್ಯವಿಲ್ಲ. ಲ್ಯಾಂಬಿಕ್ ಎಂಬ ಹೆಸರು ದಾಖಲೆಗಳಲ್ಲಿ ಸ್ಪಷ್ಟವಾಗಿ ಕಾಣತೊಡಗುವುದು ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ. ಒಂದು, ಎರಡು, ಮೂರು ವರ್ಷದ ಲ್ಯಾಂಬಿಕ್ಕುಗಳನ್ನು ಬೆರೆಸಿ, ದಪ್ಪ ಸೀಸೆಗಳಲ್ಲಿ ಬಿರಡೆ ಹಾಕಿ ಮತ್ತೆ ಹುದುಗಿಸುವ ‘ಗ್ಯೂಜ್’ ಹತ್ತೊಂಬತ್ತನೆಯ ಶತಮಾನದ ಬೆಳವಣಿಗೆ. ಪ್ರಾಚೀನತೆಯ ಆಸೆ ಎಲ್ಲ ಜನಕ್ಕೂ ಇರುವಂಥದು. ನಮಗೂ ಅದು ಹೊಸದಲ್ಲ.

ದಂತಕಥೆಗಿಂತ ನಿಜವೇ ಹೆಚ್ಚು ಸ್ವಾರಸ್ಯಕರ. ಬೆಲ್ಜಿಯಂ ಇನ್ನೂ ಸ್ವತಂತ್ರ ದೇಶವಾಗಿರದೆ ಡಚ್ ದೊರೆಯ ಆಳ್ವಿಕೆಯಲ್ಲಿದ್ದಾಗ, 1822ರಲ್ಲಿ ಒಂದು ತೆರಿಗೆಯ ಕಾಯಿದೆ ಬಂತು. ಬಳಸಿದ ಧಾನ್ಯದ ತೂಕಕ್ಕೆ ಬದಲಾಗಿ, ಧಾನ್ಯ ಬೇಯಿಸುವ ತೊಟ್ಟಿಯ ಗಾತ್ರಕ್ಕೆ ಸುಂಕ ನಿಗದಿಯಾಯಿತು. ಜಾಣರಾದ ತಯಾರಕರು ಚಿಕ್ಕ ತೊಟ್ಟಿಯಲ್ಲಿ ಆದಷ್ಟು ಧಾನ್ಯವನ್ನು ತುರುಕಿ, ಕದಡಿದ ಗಂಜಿಯನ್ನು ಮೊಗೆದು ಬೇರೆ ಕಡೆ ಕುದಿಸಿ ಮತ್ತೆ ಸೇರಿಸುವ ತೊಡಕಿನ ಕ್ರಮವನ್ನು ಬೆಳೆಸಿದರು. ಆ ಗಂಜಿಯಲ್ಲಿ ಉಳಿದ ಪಿಷ್ಟವೇ ವರ್ಷಗಟ್ಟಲೆ ನಿಧಾನವಾಗಿ ತಿನ್ನುವ ಸೂಕ್ಷ್ಮಜೀವಿಗಳಿಗೆ ಬುತ್ತಿಯಾಯಿತು. ಸುಂಕ ಹೋಯಿತು, ಕ್ರಮ ಉಳಿಯಿತು. ಇಂದು ಸಂಪ್ರದಾಯವೆಂದು ನಾವು ಗೌರವಿಸುವ ಎಷ್ಟೋ ಸಂಗತಿಗಳ ಬೇರು ಇಂಥ ಸುಂಕದಕಟ್ಟೆಗಳಲ್ಲಿ ಸಿಕ್ಕೀತು.

ಹಣ್ಣಿನ ಕಥೆಗೆ ಬರೋಣ. ಬ್ರಸೆಲ್ಸಿನ ಉತ್ತರ ಅಂಚಿಗೆ ಸ್ಕಾರ್‌ಬೇಕ್ ಎಂಬ ಹಳ್ಳಿಯಿತ್ತು. ಅಲ್ಲಿ ಚೆರ್ರಿಯ ತೋಪುಗಳು. ಹಣ್ಣು ಚಿಕ್ಕದು, ಕಪ್ಪುಗೆಂಪು ಬಣ್ಣದ್ದು, ತಿನ್ನಲು ಹುಳಿಯಾದುದು. ರೈತರು ಕತ್ತೆಗಳ ಮೇಲೆ ಬುಟ್ಟಿ ಹೇರಿ ನಗರದ ಸಂತೆಗೆ ಬರುತ್ತಿದ್ದರಾಗಿ ಸ್ಕಾರ್‌ಬೇಕಿಗೆ ‘ಕತ್ತೆಗಳ ಊರು’ ಎಂದೇ ಅಡ್ಡಹೆಸರು ಬಂತು. ಈ ಹುಳಿಹಣ್ಣನ್ನು ಅಲ್ಲಿನ ಆಡುಮಾತಿನಲ್ಲಿ ‘ಕ್ರೀಕ್’ ಎನ್ನುತ್ತಾರೆ. ಅದನ್ನು ಹಾಕಿದ ಬಿಯರಿಗೂ ಅದೇ ಹೆಸರು. ಬೇಸಗೆಯಲ್ಲಿ ಹಣ್ಣು ಬಂದಾಗ ಬೀಜಸಮೇತ ಪೀಪಾಯಿಗೆ ತುಂಬಿ, ಮೇಲೆ ಪಳಗಿದ ಲ್ಯಾಂಬಿಕ್ಕನ್ನು ಸುರಿಯುತ್ತಾರೆ. ಲೀಟರಿಗೆ ಸುಮಾರು 200 ಗ್ರಾಂ ಹಣ್ಣು. ಹಣ್ಣಿನ ಸಕ್ಕರೆಯಿಂದ ಬಿಯರು ಮತ್ತೊಮ್ಮೆ ಉಕ್ಕುತ್ತದೆ. ಸಿಹಿ ಪೂರ್ತಿ ಕರಗಿಹೋಗುತ್ತದೆ. ಬಣ್ಣ, ಪರಿಮಳ, ಒಗರು ಉಳಿಯುತ್ತವೆ. ಹುಳಿಗೆ ಹುಳಿ ಸೇರಿದರೆ ಇಮ್ಮಡಿ ಹುಳಿಯಾದೀತೆಂದು ನಾವು ಎಣಿಸುತ್ತೇವೆ. ಹಾಗಾಗುವುದಿಲ್ಲ, ಒಂದು ಮತ್ತೊಂದಕ್ಕೆ ಆಕಾರ ಕೊಡುತ್ತದೆ.

ಅದನ್ನು ಸವಿಯುವ ಸಂದರ್ಭ ನನಗೆ ಬ್ರಸೆಲ್ಸಿನ ಆಂಡರ್‌ಲೆಕ್ಟ್ ಭಾಗದಲ್ಲಿರುವ ಕ್ಯಾಂಟಿಯೋನ್ ಮನೆತನದ ಬ್ರೂವರಿಯಲ್ಲಿ ದೊರೆಯಿತು. ಪೀಪಾಯಿಗಳ ಸಾಲುಗಳ ನಡುವೆ ನಡೆದು ಬಂದವರಿಗೆ ಕೊನೆಯಲ್ಲಿ ಗಾಜಿನ ಲೋಟಗಳಲ್ಲಿ ಸ್ವಲ್ಪ ಸ್ವಲ್ಪ ಸುರಿದುಕೊಡುತ್ತಾರೆ. ಬಣ್ಣ ಮಾಗಿದ ದಾಳಿಂಬೆಯ ರಸದಂತಿತ್ತು. ಮೇಲೆ ತೆಳುಗೆಂಪಿನ ನೊರೆ, ಅದೂ ಬೇಗನೆ ಇಳಿದುಹೋಯಿತು. ಮೂಗಿಗೆ ಮೊದಲು ಬಂದುದು ಹಣ್ಣಿನ ವಾಸನೆಯಲ್ಲ. ಮಳೆ ನೆನೆಸಿದ ಹುಲ್ಲುಬಣವೆಯ ವಾಸನೆ. ಅದರ ಹಿಂದೆ ಚೆರ್ರಿ, ಅದರ ಹಿಂದೆ ಬೀಜದಿಂದ ಇಳಿದ ಬಾದಾಮಿಯ ಎಳೆಯೊಂದು. ಮೊದಲ ಗುಟುಕಿಗೆ ದವಡೆ ಬಿಗಿಯಿತು, ಕಣ್ಣು ತಾನಾಗಿ ಕಿರಿದಾಯಿತು. ಬೆಟ್ಟದ ನೆಲ್ಲಿಕಾಯಿಯನ್ನು ಕಚ್ಚಿದ ಮಕ್ಕಳ ಮುಖ ಹೇಗಾಗುತ್ತದೋ ನನ್ನ ಮುಖವೂ ಹಾಗಾಗಿರಬೇಕು. ಎದುರು ನಿಂತಿದ್ದ ಹೆಂಗಸು ನಕ್ಕರು. ಎರಡನೆಯ ಗುಟುಕಿಗೆ ನಾಲಗೆ ಸಮಾಧಾನಗೊಂಡಿತು. ಮೂರನೆಯದಕ್ಕೆ ನೇರಳೆಯ ಒಗರು, ಮರದ ಒಣರುಚಿ, ಹಣ್ಣಿನ ನೆನಪು ಎಲ್ಲವೂ ಬೇರೆ ಬೇರೆಯಾಗಿ ತೋರತೊಡಗಿದುವು. ಸಿಹಿ ಎಲ್ಲಿಯೂ ಇರಲಿಲ್ಲ. ಹಣ್ಣಿದ್ದೂ ಸಿಹಿಯಿಲ್ಲದಿರುವುದು ನನ್ನ ನಾಲಗೆಗೆ ಹೊಸತು. ಮುಗಿದುಹೋದ ಒಂದು ಬೇಸಗೆಯನ್ನು ಕುರಿತು ಯಾರೋ ಭಾವುಕರಾಗದೆ ವರದಿ ಒಪ್ಪಿಸಿದಂತಿತ್ತು.

ಈ ರುಚಿ ಇಂದಿಗೂ ಉಳಿದಿರುವುದೇ ಒಂದು ಆಶ್ಚರ್ಯ. 1876ರಲ್ಲಿ ಲೂಯಿ ಪಾಶ್ಚರ್ ಬಿಯರನ್ನು ಕುರಿತ ತನ್ನ ಗ್ರಂಥವನ್ನು ಪ್ರಕಟಿಸಿದ. ‘ಬಿಯರಿನ ರೋಗಗಳು’ ಎಂಬ ಮಾತು ಅದರ ಶೀರ್ಷಿಕೆಯಲ್ಲೇ ಇದೆ. ಹುಳಿಯಾಗುವುದು ಆ ರೋಗಗಳಲ್ಲೊಂದು. ಅದನ್ನು ತರುವ ಸೂಕ್ಷ್ಮಜೀವಿ ಶತ್ರು. 1883ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸನ್ ಒಂದೇ ಜೀವಕೋಶದಿಂದ ಶುದ್ಧ ಯೀಸ್ಟನ್ನು ಬೆಳೆಸುವ ಮಾರ್ಗವನ್ನು ತೋರಿಸಿದ. ಪ್ರಯೋಗಾಲಯ ಆ ವಿದ್ಯೆಯನ್ನು ಬಚ್ಚಿಡದೆ ಉದಾರವಾಗಿ ಹಂಚಿತು. ಜಗತ್ತಿನ ಬಿಯರು ಹೊಂಬಣ್ಣಕ್ಕೆ, ತಿಳಿತನಕ್ಕೆ, ಎಲ್ಲೆಡೆ ಒಂದೇ ರುಚಿಗೆ ತಿರುಗಿತು. ಇದನ್ನು ಹಳಿಯುವಂತಿಲ್ಲ; ಅದೇ ವಿಜ್ಞಾನ ನಮ್ಮ ಹಾಲನ್ನೂ ಔಷಧವನ್ನೂ ಕಾಪಾಡಿತು. ಆದರೆ ಹುಳಿ ಬಿಯರನ್ನು ನಂಬಿಕೊಂಡಿದ್ದವರ ಪಾಲಿಗೆ, ತಾವು ಮೂರು ವರ್ಷ ಕಾದು ಪಡೆಯುವ ಗುಣಕ್ಕೆ ರೋಗವೆಂಬ ಹೆಸರು ಬಂದುದು ಸಾಮಾನ್ಯ ಪೆಟ್ಟಲ್ಲ. ವಿಚಿತ್ರವೆಂದರೆ, ಅವರನ್ನು ಸಮರ್ಥಿಸಿದ ಸಾಕ್ಷ್ಯವೂ ಅದೇ ಕಾರ್ಲ್ಸ್‌ಬರ್ಗಿನಿಂದಲೇ ಬಂತು. 1904ರಲ್ಲಿ ಕಾರ್ಲ್ಸ್‌ಬರ್ಗಿನ ಕ್ಲಾಸನ್, ಇಂಗ್ಲೆಂಡಿನ ಹಳೆಯ ಬಿಯರುಗಳ ವಿಶಿಷ್ಟ ರುಚಿಗೆ ಕಾರಣವಾದ ಯೀಸ್ಟನ್ನು ಗುರುತಿಸಿ ಬ್ರೆಟ್ಟನೊಮೈಸಿಸ್, ಎಂದರೆ ‘ಬ್ರಿಟಿಷ್ ಶಿಲೀಂಧ್ರ’, ಎಂದು ಹೆಸರಿಟ್ಟ. 1921ರಲ್ಲಿ ಬೆಲ್ಜಿಯಂ ವಿಜ್ಞಾನಿಗಳು ಅದರ ಬಂಧುವನ್ನು ಲ್ಯಾಂಬಿಕ್ಕಿನಲ್ಲಿ ಕಂಡು ಅದಕ್ಕೆ ಬ್ರಸೆಲ್ಸಿನ ಹೆಸರನ್ನೇ ಕೊಟ್ಟರು.

ಊರು ಸಹ ಬದಲಾಗುತ್ತಿತ್ತು. 1866ರಲ್ಲಿ ಬ್ರಸೆಲ್ಸನ್ನು ಕಾಲರಾ ಬಡಿಯಿತು. ಕೊಳಚೆಯಾಗಿದ್ದ ಸೆನ್ ಹೊಳೆಯನ್ನು 1867ರಿಂದ 1871ರೊಳಗೆ ಕಮಾನುಗಳ ಕೆಳಗೆ ಹೂತು, ಅದರ ಮೇಲೆ ಅಗಲವಾದ ಬೀದಿಗಳನ್ನು ಹಾಸಲಾಯಿತು. ನಗರ ಬೆಳೆದು ಸ್ಕಾರ್‌ಬೇಕಿನ ತೋಪುಗಳನ್ನು ನುಂಗಿತು. ಆ ತಳಿಯ ಚೆರ್ರಿಮರಗಳು ಇಂದು ಹಳ್ಳಿಗಾಡಿನ ಹಿತ್ತಿಲುಗಳಲ್ಲಿ ಅಲ್ಲಲ್ಲಿ ಮಾತ್ರ ಉಳಿದಿವೆ. ಮೊದಲ ಮಹಾಯುದ್ಧದಲ್ಲಿ ಜರ್ಮನ್ ಸೈನ್ಯ ಬ್ರೂವರಿಗಳ ತಾಮ್ರದ ಕೊಪ್ಪರಿಗೆಗಳನ್ನು ಕಿತ್ತುಕೊಂಡು ಹೋಯಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬೆಲ್ಜಿಯಂನಲ್ಲಿ ಮೂರು ಸಾವಿರಕ್ಕೂ ಹೆಚ್ಚು ಬ್ರೂವರಿಗಳಿದ್ದುವು. ಶತಮಾನ ಮುಗಿಯುವ ಹೊತ್ತಿಗೆ ನೂರರ ಆಸುಪಾಸಿಗೆ ಇಳಿದುವು. ಎರಡನೆಯ ಯುದ್ಧದ ತರುವಾಯ ಜನರ ನಾಲಗೆ ಸಿಹಿಯ ಕಡೆ ವಾಲಿತು. ದೊಡ್ಡ ಕಾರ್ಖಾನೆಗಳು ಹಣ್ಣಿನ ರಸ, ಸಕ್ಕರೆ ಬೆರೆಸಿ, ಸೋಸಿ, ಕಾಸಿ, ಶರಬತ್ತಿನಂತಹ ‘ಕ್ರೀಕ್’ಗಳನ್ನು ಮಾರತೊಡಗಿದುವು. ಹೆಸರು ಹಳೆಯದು, ರುಚಿ ಹೊಸದು. ಹೀಗೆ ಹೆಸರು ಉಳಿದು ವಸ್ತು ಹೋಗುವುದು, ಎರಡೂ ಹೋಗುವುದಕ್ಕಿಂತ ಹೆಚ್ಚು ಅಪಾಯಕರವೆಂದು ನನಗೆ ತೋರುತ್ತದೆ; ಹೋಯಿತೆಂಬುದೇ ಆಗ ಯಾರಿಗೂ ತಿಳಿಯುವುದಿಲ್ಲ.

ಅದನ್ನು ತಡೆದವರು ಕೆಲವೇ ಹಠವಾದಿಗಳು. 1900ರಲ್ಲಿ ಪಾಲ್ ಕ್ಯಾಂಟಿಯೋನ್ ಸ್ಥಾಪಿಸಿದ ಮನೆತನದ ಉದ್ಯಮ ಅಳಿಯನಾದ ಜಾನ್‌ಪಿಯರ್ ವಾನ್ ರಾಯ್ ಕೈಗೆ ಬಂದಾಗ ಕೊಳ್ಳುವವರೇ ಕಡಮೆಯಾಗಿದ್ದರು. ಅವರು 1978ರಲ್ಲಿ ಬ್ರೂವರಿಯನ್ನೇ ವಸ್ತುಸಂಗ್ರಹಾಲಯವೆಂದು ಸಾರಿ, ಬಾಗಿಲು ತೆರೆದು, ಬಂದವರಿಗೆಲ್ಲ ಕೆಲಸವನ್ನು ತೋರಿಸಿ ವಿವರಿಸತೊಡಗಿದರು. ಕೆಲಸ ನಿಂತ ಮೇಲೆ ಸಂಗ್ರಹಾಲಯವಾಗುವುದು ಲೋಕರೂಢಿ. ಇಲ್ಲಿ ಕೆಲಸ ನಿಲ್ಲದಿರಲೆಂದು ಸಂಗ್ರಹಾಲಯವಾಯಿತು. ಎಪ್ಪತ್ತರ ದಶಕದಲ್ಲಿಯೇ ಫ್ರಾಂಕ್ ಬೋನ್ ಎಂಬ ತರುಣ ಲೆಂಬೇಕಿನಲ್ಲಿ ಮುಚ್ಚಲಿದ್ದ ಒಂದು ಹಳೆಯ ವ್ಯಾಪಾರವನ್ನು ವಹಿಸಿಕೊಂಡ. ಮೈಕೆಲ್ ಜಾಕ್ಸನ್ ಎಂಬ ಆಂಗ್ಲ ಲೇಖಕ, ಹಾಡುಗಾರನಲ್ಲ, ಬಿಯರನ್ನು ಕುರಿತು ಬರೆಯುತ್ತಿದ್ದವನು, 1977ರ ತನ್ನ ಗ್ರಂಥದಲ್ಲಿ ಬೆಲ್ಜಿಯಂ ಬಿಯರುಗಳನ್ನು ಹೊರಜಗತ್ತಿಗೆ ಪರಿಚಯಿಸಿದ. 1997ರಲ್ಲಿ ಲ್ಯಾಂಬಿಕ್ ತಯಾರಕರು ತಮ್ಮದೊಂದು ಸಂಘ ಕಟ್ಟಿಕೊಂಡರು. ಅದೇ ವರ್ಷ ಯೂರೋಪಿನ ಒಕ್ಕೂಟದ ಕಾನೂನು ಹಳೆಯ ಕ್ರಮದ ಗ್ಯೂಜ್ ಮತ್ತು ಕ್ರೀಕ್‌ಗಳ ಹೆಸರಿಗೆ ರಕ್ಷಣೆ ಕೊಟ್ಟಿತು. 2016ರಲ್ಲಿ ಯುನೆಸ್ಕೊ ಬೆಲ್ಜಿಯಂನ ಬಿಯರ್ ಸಂಸ್ಕೃತಿಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಇವರ ದಾರಿ ಸುಗಮವಾಗಿರಲಿಲ್ಲ. 2009ರ ಮೇ ತಿಂಗಳಲ್ಲಿ ಬೇರ್ಸೆಲ್ ಎಂಬ ಊರಿನ ಡ್ರಿ ಫೊಂಟೈನನ್ ಎಂಬಲ್ಲಿ ಉಷ್ಣತಾ ನಿಯಂತ್ರಕ ಕೆಟ್ಟು, ಉಗ್ರಾಣ ಕುಲುಮೆಯಂತೆ ಕಾದು, ಸಾವಿರಾರು ಸೀಸೆಗಳು ಸಿಡಿದುವು. ಉಳಿದ ಸೀಸೆಗಳ ಬಿಯರೂ ಬೆಂದುಹೋಯಿತು. ಅದರ ಒಡೆಯ ಅರ್ಮಾಂಡ್ ಡೆಬೆಲ್ಡರ್ ಸೀಸೆಗಳನ್ನು ಒಂದೊಂದಾಗಿ ಬಿಚ್ಚಿಸಿ, ಬೆಂದ ಬಿಯರನ್ನು ಭಟ್ಟಿ ಇಳಿಸಿ, ಬಂದ ಹಣದಿಂದ ಮತ್ತೆ ಕಾಲೂರಿದರು. 2022ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಆ ಮನೆಯ ಸೀಸೆಗಾಗಿ ದೂರದೇಶದವರೂ ಕಾದು ನಿಲ್ಲುವಂತಾಗಿತ್ತು.

ಈಗ ಹುಳಿಗೆ ಮತ್ತೆ ಒಳ್ಳೆಯ ಕಾಲ. ಅಮೆರಿಕದ ಮೇಯ್ನ್ ಸಂಸ್ಥಾನದ ಒಂದು ಬ್ರೂವರಿ 2007ರಲ್ಲಿ ಬ್ರಸೆಲ್ಸಿನ ಮಾದರಿಯ ತೆರೆದ ತೊಟ್ಟಿಯನ್ನು ಇಟ್ಟಿತು. ಬೇರೆ ಹಲವರು ಅಷ್ಟು ಕಾಯಲಾರದೆ, ಬ್ಯಾಕ್ಟೀರಿಯವನ್ನು ನೇರವಾಗಿ ಬೆರೆಸಿ ಒಂದೆರಡು ದಿನದಲ್ಲೇ ಹುಳಿ ಬರಿಸಿ, ಹಣ್ಣಿನ ತಿರುಳು ಸೇರಿಸುತ್ತಾರೆ. ನಮ್ಮ ದೇಶದ ನಗರಗಳಲ್ಲಿಯೂ ಮಾವು, ಪುನರ್ಪುಳಿ ಹಾಕಿದ ಹುಳಿ ಬಿಯರುಗಳು ಬಂದಿವೆ. ಅವುಗಳನ್ನು ಕೀಳೆನ್ನಲು ನನಗೆ ಮನಸ್ಸಿಲ್ಲ. ಪುನರ್ಪುಳಿಗೆ ತನ್ನದೇ ಆದ ಘನತೆಯಿದೆ. ಆದರೆ ಎರಡು ದಿನದ ಹುಳಿಗೂ ಮೂರು ವರ್ಷದ ಹುಳಿಗೂ ಇರುವ ಅಂತರ, ನಿಂಬೆಹಣ್ಣಿನ ರಸಕ್ಕೂ ಹಳೆಯ ಉಪ್ಪಿನಕಾಯಿಯ ರಸಕ್ಕೂ ಇರುವ ಅಂತರದಂಥದು. ಹುಳಿ ಎರಡರಲ್ಲೂ ಉಂಟು. ಒಂದರಲ್ಲಿ ಮಾತ್ರ ಕಾಲ ಕೂತಿರುತ್ತದೆ.

ಮುಂದಿನ ಗಂಡಾಂತರ ಬೇರೆ ದಿಕ್ಕಿನಿಂದ ಬರುತ್ತಿದೆ. 2015ರ ನವೆಂಬರಿನಲ್ಲಿ ರಾತ್ರಿಗಳು ಸಾಕಷ್ಟು ತಣ್ಣಗಾಗದೆ ಕ್ಯಾಂಟಿಯೋನಿನವರು ಕೆಲಸವನ್ನು ಕೆಲಕಾಲ ನಿಲ್ಲಿಸಬೇಕಾಯಿತು. ತೊಟ್ಟಿಯ ಕಷಾಯ ಬೆಳಗಿನೊಳಗೆ ತಣಿಯದಿದ್ದರೆ ಬೇಡದ ಜೀವಿಗಳು ಮೊದಲು ಬಂದು ಕೂರುತ್ತವೆ. ಹೊಳೆಯನ್ನು ಹೂತಾಗಲೂ, ತೋಪು ಕಡಿದಾಗಲೂ, ಕೊಪ್ಪರಿಗೆ ಕಳೆದುಕೊಂಡಾಗಲೂ, ವಿಜ್ಞಾನವೇ ರೋಗವೆಂದಾಗಲೂ ಉಳಿದುಬಂದ ರುಚಿಗೆ ಇನ್ನು ರಾತ್ರಿಯೇ ಒಗ್ಗದೆ ಹೋದರೆ ಏನು ಮಾಡುವುದು? ಯಂತ್ರದಿಂದ ತಣಿಸಬಹುದು. ತಣಿಸಿದರೆ ಬಿಯರಾಗುತ್ತದೆ; ಅದನ್ನು ಆ ಕಣಿವೆಯ ರಾತ್ರಿಯೆನ್ನಬಹುದೆ ಎಂಬುದನ್ನು ಅಲ್ಲಿನವರೇ ನಿರ್ಧರಿಸಬೇಕು.

ಪರಂಪರೆಯನ್ನು ಕಾಪಾಡುವುದೆಂದರೆ ಹಿಂದಿನದನ್ನು ಹಾಗೆಯೇ ಹಿಡಿದಿಡುವುದೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಲ್ಯಾಂಬಿಕ್ಕಿನ ಚರಿತ್ರೆ ಬೇರೊಂದು ಮಾತು ಹೇಳುತ್ತದೆ. ಒಂದು ಸುಂಕ ಅದನ್ನು ರೂಪಿಸಿತು, ಒಂದು ಊರಿನ ಹಣ್ಣು ಅದಕ್ಕೆ ಬಣ್ಣ ಕೊಟ್ಟಿತು, ಆ ಹಣ್ಣು ಸಾಲದಾದಾಗ ಬೇರೆ ನಾಡಿನ ಚೆರ್ರಿ ಬಂತು, ಪರದೇಶದವನೊಬ್ಬನ ಪುಸ್ತಕ ಅದಕ್ಕೆ ಗಿರಾಕಿಗಳನ್ನು ತಂದಿತು. ಬದಲಾಗದೆ ಉಳಿದುದು ಒಂದೇ: ಕೆಟ್ಟಿತೆಂದು ಚೆಲ್ಲುವ ಮುನ್ನ ಇನ್ನಷ್ಟು ದಿನ ಕಾದು ನೋಡುವ ತಾಳ್ಮೆ. ನಮ್ಮ ಅಡುಗೆಮನೆಗಳಲ್ಲಿ, ನಮ್ಮ ಆಡುನುಡಿಗಳಲ್ಲಿ, ನಮ್ಮ ಹಳ್ಳಿಯ ಕಸುಬುಗಳಲ್ಲಿ ಇಂದು ಹುಳಿತುಹೋದುದೆಂದು ನಾವು ಹೊರಗೆ ಚೆಲ್ಲುತ್ತಿರುವ ಪಾತ್ರೆಗಳು ಎಷ್ಟಿವೆಯೋ. ಚೆಲ್ಲುವ ಮೊದಲು ಅವುಗಳಲ್ಲಿ ಒಂದೆರಡನ್ನಾದರೂ ಮೂರನೆಯ ಗುಟುಕಿನವರೆಗೆ ಸವಿದು ನೋಡಬೇಕೆಂಬುದು ನನ್ನ ವಿನಂತಿ.